ಹೋಗುವ ನಡುಕ, ಹೋಗದ ನಡುಕ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಮೋಟಾರು ಗಾಡಿಯ ಇಂಜಿನ್ನನ್ನು ಕುರಿತ ಲೇಖನವೇ ಎಂದು ಸಂಪಾದಕ ಮಿತ್ರರು ಹುಬ್ಬೇರಿಸಬಹುದು. ಗಡಿನಾಡಿನ ಕನ್ನಡದ ಅಳಲು, ಶರಣರ ಹೆಜ್ಜೆಗುರುತು, ಉದಗೀರದ ಕೋಟೆ ಇವುಗಳ ಬಗ್ಗೆ ನಮಗಿಂತ ಬಲ್ಲವರು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತಾರೆ. ನಾವಾದರೋ ಉಮರ್ಗಾದ ಹೆದ್ದಾರಿಯ ಬದಿಯಲ್ಲಿರುವ ಒಂದು ವರ್ಕ್‌ಶಾಪಿನಲ್ಲಿ, ಶ್ರಾವಣದ ಮೂರು ದಿನ, ಎಣ್ಣೆ ಹತ್ತಿದ ಸ್ಟೂಲಿನ ಮೇಲೆ ಕುಳಿತು ಕಂಡದ್ದನ್ನು ಬರೆಯುತ್ತೇವೆ. 'ಸಮತೋಲನ' ಎಂಬ ಪದವನ್ನು ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದೆವು. ವಾಕ್ಯದಲ್ಲಿ ಬಳಸಲು ಮಕ್ಕಳಿಗೆ ಹೇಳಿದೆವು. ಆ ಪದಕ್ಕೆ ಗ್ರಾಂ ಲೆಕ್ಕದ ಅರ್ಥವಿದೆ, ಅದನ್ನು ಅರ್ಧ ಗ್ರಾಮಿನವರೆಗೆ ಬೆನ್ನಟ್ಟುವ ಜನ ನಮ್ಮ ಊರಿನಲ್ಲೇ ಇದ್ದಾರೆ ಎಂಬುದನ್ನು ಆ ಮೂರು ದಿನಗಳಲ್ಲಿ ಕಂಡೆವು.

ವರ್ಕ್‌ಶಾಪಿನ ಒಡೆಯ ನಮ್ಮ ಹಳೆಯ ವಿದ್ಯಾರ್ಥಿ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿದ್ದಾನೆ. ಆದ್ದರಿಂದ ಅವನನ್ನು ಮಿಸ್ತ್ರಿ ಎಂದೇ ಕರೆಯುತ್ತೇವೆ, ಊರೂ ಹಾಗೆಯೇ ಕರೆಯುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಲಾರಿ ಡ್ರೈವರುಗಳೊಡನೆ ಹಿಂದಿ: ಮೂರರಲ್ಲಿಯೂ ಒಂದೇ ವೇಗ. ಪುಣೆಯ ಕಡೆ ಹಲವು ವರ್ಷ ಇಂಜಿನ್ ಕೆಲಸ ಕಲಿತು ಬಂದು, ಬೋರಿಂಗ್ ಯಂತ್ರ, ಕ್ರ್ಯಾಂಕ್ ಗ್ರೈಂಡಿಂಗ್ ಯಂತ್ರ, ಕಡೆಗೆ ಸಾಲ ಮಾಡಿ ಹಳೆಯದೊಂದು ಬ್ಯಾಲೆನ್ಸಿಂಗ್ ಯಂತ್ರ ತಂದು ಹಾಕಿಕೊಂಡಿದ್ದಾನೆ. ನಿಲಂಗಾದ ಕಡೆಯಿಂದ ರಾಶಿ ಯಂತ್ರದ ಡ್ರಮ್ಮುಗಳು, ಉದಗೀರದ ದಾಲ್ ಮಿಲ್ಲುಗಳಿಂದ ಗಾಳಿ ಬೀಸುವ ಫ್ಯಾನುಗಳು, ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನ ಕ್ರ್ಯಾಂಕುಗಳು ಅವನಲ್ಲಿಗೆ ಬರುತ್ತವೆ. ತಿರುಗುವ ವಸ್ತು ಯಾವುದಾದರೂ ಸರಿ, ಅದರ ನಡುಕವನ್ನು ತೆಗೆದು ಕಳಿಸುವುದು ಅವನ ಕಸುಬು.

ಈ ಕಸುಬು ಅವನಿಗೆ ಹೇಗೆ ಹತ್ತಿತೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅವನ ತಂದೆಯದು ಕಿಲ್ಲಾರಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ. ಡೀಸೆಲ್ ಇಂಜಿನ್, ಒಂದೇ ಸಿಲಿಂಡರಿನದು. ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅಂತಹ ಇಂಜಿನ್ನುಗಳು ಎರಡು ಬಗೆ: ಒಂದು ಕಿರ್ಲೋಸ್ಕರ, ಇನ್ನೊಂದು ಇಂಗ್ಲೆಂಡಿನ ಲಿಸ್ಟರ್ ಮಾದರಿಯನ್ನು ನೋಡಿ ರಾಜಕೋಟೆಯಲ್ಲಿ ಎರಕ ಹೊಯ್ದವು. (ಕಿರ್ಲೋಸ್ಕರ ಎಂದೊಡನೆ ಮಹಾರಾಷ್ಟ್ರದ ಹೆಸರೆಂದು ನಮ್ಮ ಮಕ್ಕಳು ತಿಳಿಯುತ್ತಾರೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ; ಕಿರ್ಲೋಸ್ಕರವಾಡಿಗೆ ಹೋದದ್ದು ೧೯೧೦ರಲ್ಲಿ.) ನಿಮಿಷಕ್ಕೆ ೬೫೦ ಸುತ್ತಿನ ಆ ಲಿಸ್ಟರ್ ಮಾದರಿಯ ಇಂಜಿನ್ನಿನ ಸದ್ದು ಊರಾಚೆಯ ಹೊಲಕ್ಕೂ ಕೇಳಿಸುತ್ತಿತ್ತು, ಅದು ನಿಂತ ದಿನ ಊರಿಗೆ ಊರೇ ಬಿಕೋ ಎನ್ನುತ್ತಿತ್ತು.

೧೯೯೩ರ ಸೆಪ್ಟೆಂಬರ್ ೩೦, ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದ ಬೆಳಗಿನ ಜಾವ, ೩ ಗಂಟೆ ೫೬ ನಿಮಿಷಕ್ಕೆ ನೆಲ ನಡುಗಿದ್ದನ್ನು ಈ ಸಂಚಿಕೆಯ ಹಿರಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಮೇಲೆ ಅಟ್ಟ, ಅದರ ಮೇಲೆ ಮೊಳದುದ್ದದ ಮಣ್ಣಿನ ಮಾಳಿಗೆ: ಬೇಸಿಗೆಗೆ ತಂಪಾಗಿದ್ದ ಆ ಭಾರವೇ ಆ ರಾತ್ರಿ ಮೈಮೇಲೆ ಬಂತು. ಸಾವಿರಾರು ಜನ ಹೋದರು. ಮಿಸ್ತ್ರಿ ಆಗ ನಮ್ಮಲ್ಲಿ ಏಳನೆಯ ತರಗತಿ. ಅವನ ಮನೆಯವರು ಬದುಕಿದರು. ಗಿರಣಿಯ ಗೋಡೆ ಬಿತ್ತು, ಇಂಜಿನ್ ಉಳಿಯಿತು. ತಿಂಗಳೊಪ್ಪತ್ತಿನಲ್ಲಿ ತಂದೆ ತಗಡಿನ ಶೆಡ್ಡಿನಲ್ಲಿ ಮತ್ತೆ ಗಿರಣಿ ಹಚ್ಚಿದರು, ಏಕೆಂದರೆ ಬದುಕಿದವರಿಗೆ ರೊಟ್ಟಿಯಂತೂ ಬೇಕು. ಆದರೆ ಇಂಜಿನ್ ಶುರುವಾದೊಡನೆ ಅಕ್ಕಪಕ್ಕದ ತಗಡಿನ ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದವು. ಹೆಂಗಸರು ಕೂಸುಗಳನ್ನೆತ್ತಿಕೊಂಡು ಚೀರುತ್ತ ಬಯಲಿಗೆ ಓಡಿದರು. ಮರುದಿನವೂ ಹಾಗೆಯೇ. ಮೂರನೆಯ ದಿನ ಯಾರೂ ಜಗಳಕ್ಕೆ ಬರಲಿಲ್ಲ. ಒಬ್ಬ ಮುದುಕಿ ಮಾತ್ರ ಬಂದು, "ನಡುಗಲಾರದಂಗ ಬೀಸಲಿಕ್ಕ ಬರ್ತದೇನಪ್ಪಾ" ಎಂದು ಕೇಳಿ ಹೋದಳಂತೆ.

ಆ ತಂದೆ ಮಾಡಿದ ಕೆಲಸ ಎರಡು. ಬೀಸುವ ಕಲ್ಲನ್ನು ಇಳಿಸಿ, ಅದನ್ನು ಮೊನೆಯ ಮೇಲೆ ನಿಲ್ಲಿಸಿ, ಯಾವ ಬದಿ ಕೆಳಗೆ ವಾಲುತ್ತದೆಂದು ನೋಡಿ, ಹಗುರವಾದ ಬದಿಯ ಬೆನ್ನಿಗೆ ಸೀಸದ ತುಂಡು ಕೂಡಿಸಿದರು. ಕಲ್ಲಿನ ನಡುಕ ಹೋಯಿತು. ಇಂಜಿನ್ನಿನ ನಡುಕ ಹೋಗಲಿಲ್ಲ. ಆಗ ಇಂಜಿನ್ ಕೂತ ಕಾಂಕ್ರೀಟಿನ ಕಟ್ಟೆಯನ್ನು ದೊಡ್ಡದು ಮಾಡಿ, ಅದರ ಸುತ್ತ ನೆಲವನ್ನು ಕಡಿದು, ಕಟ್ಟೆಗೂ ನೆಲಕ್ಕೂ ಗೋಡೆಗೂ ಎಲ್ಲಿಯೂ ಅಂಟು ಇಲ್ಲದಂತೆ ಗೇಣಗಲದ ಸಂದು ಬಿಟ್ಟು ಮರಳು ತುಂಬಿದರು. ಇಂಜಿನ್ ತನ್ನ ಕಟ್ಟೆಯ ಮೇಲೆ ತಾನು ಕುಣಿಯಿತು. ನೆರೆಮನೆಯ ಪಾತ್ರೆ ಸುಮ್ಮನಾಯಿತು. ಹುಡುಗ ಇದೆಲ್ಲವನ್ನೂ ಮರಳಿನ ಬುಟ್ಟಿ ಹೊರುತ್ತ ನೋಡಿದ. ಒಂದು ನಡುಕ ಹೋಗುವಂಥದು, ಒಂದು ಹೋಗದಂಥದು. ಮೊದಲು ಯಾವುದು ಯಾವುದೆಂದು ತಿಳಿಯಬೇಕು ಎಂದು ಅವನು ಇಂದಿಗೂ ಹೇಳುತ್ತಾನೆ.

ಇನ್ನು ಶ್ರಾವಣದ ಆ ಮೂರು ದಿನಗಳಿಗೆ ಬರೋಣ. ಉದಗೀರದ ಕನ್ನಡ ಮನೆತನವೊಂದರ ತರುಣ, ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿ, ಹವ್ಯಾಸ ಮಾತ್ರ ಮಣ್ಣು ದಾರಿಯ ಮೋಟಾರು ಸ್ಪರ್ಧೆ. ಬೆಂಗಳೂರಿನಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಬಹುಕಾಲದಿಂದ ನಡೆಸುವ ಕೆ-೧೦೦೦ ಎಂಬ ರ‍್ಯಾಲಿಯ ಹೆಸರನ್ನೂ, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ನಡೆಯುವ ಓಟಗಳ ಹೆಸರನ್ನೂ ನಮ್ಮ ಮೊಮ್ಮಕ್ಕಳು ಬಲ್ಲರು. ಈ ತರುಣನದು ಮಾರುತಿ ಜಿಪ್ಸಿ. ಅದರ ಇಂಜಿನ್ನಿಗೆ ನಾಲ್ಕು ಸಿಲಿಂಡರು. ಒಟ್ಟು ೧೨೯೮ ಘನ ಸೆಂಟಿಮೀಟರು. ಸಿಲಿಂಡರಿನ ಅಗಲ ೭೪ ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ ೭೫.೫ ಮಿಲಿಮೀಟರ್. ಹಿಂದಿನ ಒಂದು ಓಟದಲ್ಲಿ ಆ ಇಂಜಿನ್ನಿನ ಕನೆಕ್ಟಿಂಗ್ ರಾಡು ಮುರಿದು ಬ್ಲಾಕಿನ ಹೊಟ್ಟೆಯನ್ನು ಒಡೆದುಕೊಂಡು ಹೊರಗೆ ಬಂದಿತ್ತು. ಗಾಡಿ ಎಣ್ಣೆ ಚೆಲ್ಲಿ ತನ್ನ ಎಣ್ಣೆಯ ಮೇಲೆ ತಾನೇ ಜಾರಿ ಗಿಡಕ್ಕೆ ತಾಗಿ ನಿಂತಿತಂತೆ. ಒಳಗಿದ್ದ ಇಬ್ಬರಿಗೂ ತರಚು ಗಾಯ. ಗಿಡ ಇರದಿದ್ದರೆ ಅದರ ಆಚೆ ಕಣಿವೆ.

ಮಿಸ್ತ್ರಿ ಮುರಿದ ಭಾಗಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಎರಡು ರಾಡುಗಳನ್ನು ನಮ್ಮ ಎರಡು ಕೈಯಲ್ಲಿ ಇಟ್ಟ. ನಮಗೆ ಎರಡೂ ಒಂದೇ ಎನಿಸಿತು. ಒಂದು ಕಂಪನಿಯ ಮೂಲ ರಾಡು. ಇನ್ನೊಂದನ್ನು ಬೇರೊಂದು ಊರಿನ ಯಾರೋ ಕೆಲಸಗಾರರು ಹಿಂದೊಮ್ಮೆ ರಿಪೇರಿಯಲ್ಲಿ ತೂಗದೆ ಹಾಕಿದ್ದು. ತಕ್ಕಡಿಯ ಮೇಲೆ ಇಟ್ಟಾಗ ಎರಡರ ನಡುವೆ ಹನ್ನೊಂದು ಗ್ರಾಮಿನ ಅಂತರ. "ಮುರಿಯಲಿಕ್ಕ ಕಾರಣ ಇದೊಂದೇ ಅಂತ ಹೇಳಂಗಿಲ್ಲ ಗುರೂಜಿ, ಬೋಲ್ಟೂ ಹಳೇದಿತ್ತು. ಆದ್ರ ಬೋಲ್ಟಿಗಿ ದಿನಾ ಬಡಿದವರು ಯಾರು?" ಎಂದ.

ಹನ್ನೊಂದು ಗ್ರಾಂ ಎಂದರೆ ಎಷ್ಟು? ಎರಡು ಚಮಚೆ ಸಕ್ಕರೆ. ನಿಂತ ಇಂಜಿನ್ನಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕವಣೆಯ ಕಲ್ಲನ್ನು ತಿರುಗಿಸಿದ ಯಾವ ಹುಡುಗನಿಗೂ ಗೊತ್ತು, ತಿರುಗಿಸಿದಷ್ಟೂ ಕಲ್ಲು ಕೈಯನ್ನು ಹೊರಗೆ ಎಳೆಯುತ್ತದೆ. ಪಠ್ಯಪುಸ್ತಕ ಇದನ್ನು ಕೇಂದ್ರಾಪಗಾಮಿ ಬಲ ಎನ್ನುತ್ತದೆ. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ, ವೇಗ ಮೂರು ಪಟ್ಟಾದರೆ ಎಳೆತ ಒಂಬತ್ತು ಪಟ್ಟು: ಇದು ಅದರ ನಿಯಮ. ಜಿಪ್ಸಿಯ ಕ್ರ್ಯಾಂಕು ನಡುವಿನಿಂದ ಸುಮಾರು ೩೮ ಮಿಲಿಮೀಟರ್ ದೂರದಲ್ಲಿ ರಾಡನ್ನು ಹಿಡಿದು ತಿರುಗುತ್ತದೆ. ಅಷ್ಟು ದೂರದಲ್ಲಿ ಹೆಚ್ಚಾಗಿ ಕುಳಿತ ಒಂದೇ ಒಂದು ಗ್ರಾಂ ತೂಕ, ನಿಮಿಷಕ್ಕೆ ೧೦೦೦ ಸುತ್ತಿನಲ್ಲಿ ಸುಮಾರು ೪೦ ಗ್ರಾಮಿನಷ್ಟು ಎಳೆಯುತ್ತದೆ. ೩೦೦೦ ಸುತ್ತಿನಲ್ಲಿ ೩೮೦ ಗ್ರಾಂ. ೬೦೦೦ ಸುತ್ತಿನಲ್ಲಿ ಒಂದೂವರೆ ಕಿಲೋ. ಸ್ಪರ್ಧೆಯ ಇಂಜಿನ್ನನ್ನು ೮೦೦೦ಕ್ಕೆ ಏರಿಸುತ್ತಾರೆ. ಅಲ್ಲಿ ಅದೇ ಒಂದು ಗ್ರಾಂ ೨ ಕಿಲೋ ೭೦೦ ಗ್ರಾಂ ಆಗುತ್ತದೆ. ಹನ್ನೊಂದು ಗ್ರಾಮಿಗೆ ಸುಮಾರು ೩೦ ಕಿಲೋ! ಅದೂ ಒಂದೇ ಕಡೆಗೆ ಎಳೆದು ಸುಮ್ಮನಿರುವುದಲ್ಲ. ಸೆಕೆಂಡಿಗೆ ೧೩೩ ಸಲ ದಿಕ್ಕು ಬದಲಿಸಿ ಜಗ್ಗುತ್ತದೆ. ಅರ್ಧ ಚೀಲ ಸಿಮೆಂಟನ್ನು ಹೆಗಲ ಮೇಲೆ ಹೊತ್ತವನಿಗೆ ಈ ಲೆಕ್ಕದ ರುಚಿ ತಿಳಿದೀತು.

ಈ ಲೆಕ್ಕವನ್ನು ನಾವು ಸಿಗರೇಟಿನ ಪೊಟ್ಟಣದ ಹಿಂಬದಿಯಲ್ಲಿ ಬರೆದು ತೋರಿಸಿದಾಗ (ಪೊಟ್ಟಣ ತರುಣನದು, ನಮ್ಮದಲ್ಲ) ಜಿಪ್ಸಿಯ ತರುಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅದಕ್ಕೆ ಮೊದಲು ಅವನದು ಒಂದೇ ರಾಗವಾಗಿತ್ತು: ಹೊಸ ಪಿಸ್ಟನ್ ಸೆಟ್ಟು ತಂದಿದ್ದೇನೆ, ಹೊಸ ರಾಡು ತಂದಿದ್ದೇನೆ, ಕೂಡಿಸಿ ಕೊಟ್ಟುಬಿಡಿ, ಹತ್ತು ದಿನದಲ್ಲಿ ಓಟ ಇದೆ, ಹೊಸ ಸಾಮಾನನ್ನು ಮತ್ತೇಕೆ ತೂಗುವುದು?

ಏಕೆ ತೂಗುವುದೆಂಬುದು ತೂಗಿದಾಗ ತಿಳಿಯಿತು. ಒಂದೇ ಪೆಟ್ಟಿಗೆಯಿಂದ ಬಂದ ನಾಲ್ಕು ಹೊಸ ಪಿಸ್ಟನ್ನುಗಳಲ್ಲಿ ಅತಿ ಹಗುರಾದದ್ದಕ್ಕಿಂತ ಒಂದು ಎರಡು ಗ್ರಾಂ ಹೆಚ್ಚು, ಇನ್ನೊಂದು ಮೂರು, ಮತ್ತೊಂದು ಐದು. ಮಿಸ್ತ್ರಿ ಮೊದಲು ಅರದ ಕಡೆ ಕೈ ಹಾಕಲಿಲ್ಲ. ಪಿಸ್ಟನ್ನಿಗೂ ರಾಡಿಗೂ ನಡುವೆ ಕೂಡುವ ನಾಲ್ಕು ಪಿನ್ನುಗಳನ್ನು ಬೇರೆಯಾಗಿ ತೂಗಿ, ಹಗುರಾದ ಪಿಸ್ಟನ್ನಿಗೆ ಭಾರದ ಪಿನ್ನು, ಭಾರದ ಪಿಸ್ಟನ್ನಿಗೆ ಹಗುರಾದ ಪಿನ್ನು ಹೀಗೆ ಜೋಡಿಸಿ ನೋಡಿದ. ಐದು ಗ್ರಾಮಿನ ಅಂತರ ಎರಡೂವರೆಗೆ ಇಳಿಯಿತು. ಕಬ್ಬಿಣ ಮುಟ್ಟದೆಯೇ ಅರ್ಧ ಕೆಲಸ! ನಮ್ಮ ಹಳ್ಳಿಗಳಲ್ಲಿ ಎತ್ತುಗಳನ್ನು ಹೂಡುವಾಗ ಬಲದ ಎತ್ತಿನ ಬದಿಗೆ ನೊಗದ ತೋಳನ್ನು ಗಿಡ್ಡ ಮಾಡಿ ಕಟ್ಟುವ ಜಾಣತನ ನಮಗೆ ನೆನಪಾಯಿತು.

ಉಳಿದ ಅಂತರವನ್ನು ತೆಗೆಯುವಾಗ ಅವನು ಹೇಳಿದ ಮಾತನ್ನು ಹೇಳಿದಂತೆಯೇ ಬರೆಯುತ್ತೇವೆ: "ಹಗುರ ಇದ್ದದ್ದಕ್ಕ ವಜ್ಜಿ ಹಚ್ಚಲಿಕ್ಕ ಬರಲ್ಲ ರೀ ಗುರೂಜಿ. ಎಲ್ಲಾಕ್ಕಿಂತ ಹಗುರ ಯಾವದದ, ಅದೇ ಅಳತಿ. ಉಳಿದವು ಅದರ ತನಕ ಇಳೀಬೇಕು." ಗಿರಣಿಯ ಕಲ್ಲಿಗೆ ತಂದೆ ಸೀಸ ಕೂಡಿಸಿದ್ದರು, ಅಷ್ಟು ನಿಧಾನದ ಕಲ್ಲಿಗೆ ಅದು ನಡೆಯುತ್ತದೆ. ಸೆಕೆಂಡಿಗೆ ನೂರಮೂವತ್ತು ಸಲ ಮೇಲೆ ಹೋಗಿ ಕೆಳಗೆ ಬರುವ ಪಿಸ್ಟನ್ನಿಗೆ ಏನನ್ನಾದರೂ ಅಂಟಿಸಿದರೆ ಅದು ಅಲ್ಲಿ ಇದ್ದೀತೆ? ಆದ್ದರಿಂದ ತೆಗೆಯುವುದೊಂದೇ ದಾರಿ. ಎಲ್ಲಿಂದ ತೆಗೆಯಬೇಕೆಂಬುದಕ್ಕೂ ವಿಧಿಯುಂಟು. ಪಿಸ್ಟನ್ನಿನ ತಲೆ ಬೆಂಕಿಯನ್ನು ತಡೆಯುವ ಭಾಗ, ಅದನ್ನು ಮುಟ್ಟಬಾರದು. ಒಳಗಡೆ ಪಿನ್ನು ಕೂಡುವ ದಿಮ್ಮಿಯ ಕೆಳಭಾಗದಲ್ಲಿ ದಪ್ಪ ಲೋಹವಿರುತ್ತದೆ. ಅಲ್ಲಿಂದ, ಎರಡೂ ಬದಿಗೆ ಸಮನಾಗಿ, ಕೂದಲೆಳೆಯಷ್ಟು. ಉಜ್ಜಿ, ಒರೆಸಿ, ತೂಗಿ, ಮತ್ತೆ ಉಜ್ಜಿ. ತಕ್ಕಡಿಯ ಪಕ್ಕದ ಫ್ಯಾನನ್ನು ಆರಿಸಿಬಿಟ್ಟಿದ್ದ, ಗಾಳಿಗೆ ಅಂಕೆ ಅಲುಗಾಡುತ್ತದೆಂದು. ಶ್ರಾವಣದ ಸೆಕೆಯಲ್ಲಿ ಮೂವರೂ ಬೆವೆತು ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಅರ್ಧ ಗ್ರಾಮಿನೊಳಗೆ ಬಂದವು.

ರಾಡುಗಳ ಕೆಲಸ ಇನ್ನೂ ಸೂಕ್ಷ್ಮ. ಅವುಗಳ ಒಟ್ಟು ತೂಕ ಸಮವಾದರೆ ಸಾಲದು. ರಾಡಿನ ದೊಡ್ಡ ತುದಿ ಕ್ರ್ಯಾಂಕಿನೊಡನೆ ದುಂಡಗೆ ತಿರುಗುತ್ತದೆ. ಚಿಕ್ಕ ತುದಿ ಪಿಸ್ಟನ್ನಿನೊಡನೆ ಮೇಲೆ ಕೆಳಗೆ ಹೋಗುತ್ತದೆ. ಒಂದೇ ವಸ್ತುವಿನ ಎರಡು ತುದಿಗೆ ಎರಡು ಬಗೆಯ ಬದುಕು. ಎರಡು ರಾಡುಗಳು ಒಟ್ಟು ತೂಕದಲ್ಲಿ ಸಮನಾಗಿದ್ದು, ಒಂದರಲ್ಲಿ ಭಾರ ದೊಡ್ಡ ತುದಿಗೂ ಇನ್ನೊಂದರಲ್ಲಿ ಚಿಕ್ಕ ತುದಿಗೂ ಇದ್ದರೆ ಇಂಜಿನ್ನಿಗೆ ಅವು ಸಮವಲ್ಲ. ಆದ್ದರಿಂದ ರಾಡನ್ನು ಅಡ್ಡಡ್ಡ ಮಟ್ಟವಾಗಿ ಹಿಡಿದು, ಒಂದು ತುದಿಯನ್ನು ಮೇಲಿನಿಂದ ತೂಗುಹಾಕಿ, ಇನ್ನೊಂದು ತುದಿಯನ್ನು ತಕ್ಕಡಿಯ ಮೇಲಿಟ್ಟು ತೂಗಬೇಕು. ಮತ್ತೆ ತಿರುಗಿಸಿ ಆ ತುದಿಯನ್ನು ತೂಗಬೇಕು. ಅದಕ್ಕಾಗಿ ಅವನು ಹಳೆಯ ಸೈಕಲ್ಲಿನ ಬೇರಿಂಗಿನಿಂದ ತಾನೇ ಒಂದು ತೂಗುಗಂಬ ಮಾಡಿಕೊಂಡಿದ್ದಾನೆ. ಅಲ್ಲಿಯೂ ಹಗುರಾದ ತುದಿಯೇ ಅಳತೆ. ತಿಕ್ಕುವಾಗ ರಾಡಿನ ಉದ್ದಕ್ಕೆ ತಿಕ್ಕಬೇಕು. ಅಡ್ಡ ಗೆರೆ ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಬೋಲ್ಟಿನ ಹತ್ತಿರ ಹೋಗಲೇಬಾರದು. ಇದನ್ನು ಅವನು ತನ್ನ ಕೈಕೆಳಗಿನ ಹುಡುಗನಿಗೆ ಮರಾಠಿಯಲ್ಲಿ ಹೇಳಿದ, ಆಮೇಲೆ ಕನ್ನಡದಲ್ಲಿಯೂ ಹೇಳಿದ. ಎರಡು ಭಾಷೆಯಲ್ಲಿ ಹೇಳಿದ್ದನ್ನು ಮರೆತರೆ ಮೂರನೆಯದರಲ್ಲಿ ಬೈಯುವುದು ಎಂದು ನಮ್ಮ ಕಡೆ ನಕ್ಕ.

ಎರಡನೆಯ ದಿನ ಕ್ರ್ಯಾಂಕಿನದು. ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಬಂಡಿಯ ಗಾಲಿಯನ್ನು ಅಚ್ಚಿಗೆ ಹಾಕಿ ಬಿಟ್ಟರೆ ಭಾರದ ಬದಿ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಇದು ನಿಂತು ನೋಡುವ ತೂಕ. ಉದ್ದನೆಯ ದಂಡಕ್ಕೆ ಈ ಪರೀಕ್ಷೆ ಸಾಕಾಗುವುದಿಲ್ಲ. ಅದರ ಎಡತುದಿಯಲ್ಲಿ ಮೇಲ್ಬದಿಗೆ ಐದು ಗ್ರಾಂ ಹೆಚ್ಚು, ಬಲತುದಿಯಲ್ಲಿ ಕೆಳಬದಿಗೆ ಐದು ಗ್ರಾಂ ಹೆಚ್ಚು ಇದೆ ಎಂದು ತಿಳಿಯಿರಿ. ನಿಂತಾಗ ಒಂದು ಇನ್ನೊಂದನ್ನು ತೂಗಿಬಿಡುತ್ತದೆ. ಎಲ್ಲಿ ಬಿಟ್ಟರೂ ದಂಡ ಅಲುಗದೆ ನಿಲ್ಲುತ್ತದೆ, ನಿರ್ದೋಷಿಯಂತೆ. ತಿರುಗಿಸಿದೊಡನೆ ಒಂದು ತುದಿ ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. ದಂಡ ಮೊರದಲ್ಲಿ ಕೇರುವ ಕಾಳಿನಂತೆ ಹೊಯ್ದಾಡುತ್ತದೆ. "ನಿಂತಾಗ ಎಲ್ಲಾ ಛಂದೇ ಇರ್ತದ ರೀ, ತಿರುಗಿದಾಗ ಅದರ ಬಣ್ಣ ತಿಳೀತದ" ಎಂದ ಮಿಸ್ತ್ರಿ.

ಬ್ಯಾಲೆನ್ಸಿಂಗ್ ಯಂತ್ರ ಮಾಡುವುದು ಇದನ್ನೇ. ಎರಡು ಜೊತೆ ಉರುಳೆಗಳ ಮೇಲೆ ಕ್ರ್ಯಾಂಕನ್ನು ಮಲಗಿಸಿ ಬೆಲ್ಟಿನಿಂದ ತಿರುಗಿಸಿದರೆ, ಎರಡೂ ತುದಿಯ ನಡುಕವನ್ನು ಬೇರೆ ಬೇರೆಯಾಗಿ ಅಳೆದು, ಈ ತುದಿಯಲ್ಲಿ ಇಷ್ಟು ಗ್ರಾಂ, ಇಂಥ ಕೋನದಲ್ಲಿ, ಎಂದು ಹೇಳುತ್ತದೆ. ಜಿಪ್ಸಿಯಂತಹ ನಾಲ್ಕು ಸಿಲಿಂಡರಿನ ಕ್ರ್ಯಾಂಕಿನಲ್ಲಿ ಹೊರಗಿನ ಎರಡು ಕೈ ಒಂದು ಕಡೆ, ಒಳಗಿನ ಎರಡು ಕೈ ಎದುರು ಕಡೆ; ಕನ್ನಡಿಯಲ್ಲಿ ನೋಡಿದಂತೆ ಎಡಕ್ಕೂ ಬಲಕ್ಕೂ ಒಂದೇ ರೂಪ. ಆದ್ದರಿಂದ ಬರಿಯ ಕ್ರ್ಯಾಂಕನ್ನೇ ತಿರುಗಿಸಿ ನೋಡಬಹುದು. ದೊಡ್ಡ ಅಮೆರಿಕನ್ ಗಾಡಿಗಳ ಎಂಟು ಸಿಲಿಂಡರಿನ ಕವಲು ಇಂಜಿನ್ನುಗಳಿಗಾದರೆ ರಾಡು-ಪಿಸ್ಟನ್ನುಗಳ ಬದಲಿಗೆ ಲೆಕ್ಕ ಹಾಕಿದ ತೂಕದ ಬಳೆಗಳನ್ನು ಕ್ರ್ಯಾಂಕಿಗೆ ತೊಡಿಸಿ ತಿರುಗಿಸಬೇಕಾಗುತ್ತದೆ. ಪುಣೆಯಲ್ಲಿ ಒಮ್ಮೆ ಮಾಡಿದ್ದಾಗಿ ಹೇಳಿದ, ಉಮರ್ಗಾಕ್ಕೆ ಅಂಥದು ಇನ್ನೂ ಬಂದಿಲ್ಲ.

ಭಾರವಿದ್ದ ಕಡೆ ಕ್ರ್ಯಾಂಕಿನ ಎದುರುತೂಕದಲ್ಲಿ ಡ್ರಿಲ್ಲಿನಿಂದ ತೂತು ಕೊರೆಯುತ್ತಾನೆ. ೧೦ ಮಿಲಿಮೀಟರ್ ಅಗಲ, ಅಷ್ಟೇ ಆಳದ ತೂತಿನಿಂದ ಸುಮಾರು ೬ ಗ್ರಾಂ ಉಕ್ಕು ಹೋಗುತ್ತದೆ ಎಂಬುದು ಅವನಿಗೆ ಮಗ್ಗಿಯಂತೆ ಬಾಯಿಪಾಠ. ಕೊರೆದು ತಿರುಗಿಸಿ ನೋಡಿ, ಮತ್ತೆ ಕೊರೆದು. ಒಮ್ಮೆ ಹೆಚ್ಚು ಕೊರೆದರೆ ತಿರುಗಿ ತುಂಬಲಾಗದು. ಆದ್ದರಿಂದ ಯಂತ್ರ ಆರು ಗ್ರಾಂ ಎಂದರೆ ನಾಲ್ಕನ್ನೇ ತೆಗೆಯುತ್ತಾನೆ. ಕ್ರ್ಯಾಂಕು ಸರಿಯಾದ ಮೇಲೆ ಅದಕ್ಕೆ ಫ್ಲೈವೀಲು ಕೂಡಿಸಿ ತಿರುಗಿಸಿದ. ಆಮೇಲೆ ಕ್ಲಚ್ಚಿನ ಪ್ರೆಶರ್ ಪ್ಲೇಟು. ಆಮೇಲೆ ಮುಂದಿನ ಪುಲ್ಲಿ. ಒಂದೊಂದಾಗಿಯೇ ಕೂಡಿಸಬೇಕು, ಇಲ್ಲದಿದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಪ್ರತಿ ಜೋಡಿಗೂ ಪಂಚಿನಿಂದ ಗುರುತು ಹೊಡೆದು ಬಿಳಿ ಬಣ್ಣ ಹಚ್ಚಿದ: ನಾಳೆ ಯಾರೇ ಬಿಚ್ಚಿದರೂ ಅದೇ ಮಗ್ಗುಲಿಗೆ ಕೂಡಿಸಲೆಂದು.

ಆ ದಿನ ಸಂಜೆ ತರುಣನ ತಾಯಿ ಉದಗೀರದಿಂದ ಬಸ್ಸಿನಲ್ಲಿ ಬಂದರು. ಮಗನ ಊಟದ ಡಬ್ಬಿಯ ನೆಪ. ಎಣ್ಣೆಯ ನೆಲದಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು ನಿಂತು, ತಿರುಗುವ ಕ್ರ್ಯಾಂಕನ್ನು ಬಹಳ ಹೊತ್ತು ನೋಡಿ, ಮಿಸ್ತ್ರಿಗೆ ಹೇಳಿದರು: "ಗೆಲ್ಲೋದು ಬಿಡೋದು ಹೆಂಗರ ಆಗ್ಲಿ ತಮ್ಮಾ. ನಡುದಾರ್ಯಾಗ ಮುರಿಯಾಂಗಿಲ್ಲಲ್ಲ?" ನಾವು ಅವನ ಮುಖ ನೋಡಿದೆವು. ಧೈರ್ಯ ಹೇಳುವುದು ಸುಲಭವಿತ್ತು, ನಾವಾಗಿದ್ದರೆ ಹೇಳಿಬಿಡುತ್ತಿದ್ದೆವೇನೋ. ಅವನು ಮೋಟಾರು ಆರಿಸಿ, ಕೈ ಒರೆಸಿಕೊಂಡು, "ಮುರಿಯಲ್ಲಂತ ನಾ ಹೆಂಗ ಹೇಳಲಿ ಅಕ್ಕಾ? ಕಲ್ಲು ಅದ, ಕಣಿವಿ ಅದ, ಅವನ ಕಾಲು ಅದ. ತೂಕದ ಕಾರಣಕ್ಕ ಮುರಿಯಲ್ಲ. ಅಷ್ಟು ಹೇಳ್ತೀನಿ" ಎಂದ. ಆ ತಾಯಿ ತಲೆಯಾಡಿಸಿ, ಡಬ್ಬಿ ಬಿಚ್ಚಿ, ಮೂವರಿಗೂ ರೊಟ್ಟಿ ಬಡಿಸಿದರು.

ಮೂರನೆಯ ದಿನ ಜೋಡಿಸುವ ಕೆಲಸ. ಅದನ್ನು ಬಲ್ಲವರು ಬಲ್ಲರು, ವಿವರಿಸುವುದಿಲ್ಲ. ಇಂಜಿನ್ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ. ಮಿಸ್ತ್ರಿ ಅದರ ತಲೆಯ ಮುಚ್ಚಳದ ಮೇಲೆ ಸ್ಟೀಲಿನ ಲೋಟದಲ್ಲಿ ನೀರು ತುಂಬಿಸಿಟ್ಟ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು. ವೇಗ ಏರಿಸಿದಂತೆ ಉಂಗುರಗಳು ಸಣ್ಣವಾಗಿ ಒತ್ತೊತ್ತಾದವು, ಆದರೆ ಪೂರ್ತಿ ಹೋಗಲಿಲ್ಲ. ತರುಣನ ಮುಖ ಇಳಿಯಿತು. ಇಷ್ಟು ತೂಗಿಯೂ ನಡುಕ ಉಳಿಯಿತೆ?

ಉಳಿಯುತ್ತದೆ, ಮತ್ತು ಅದಕ್ಕೆ ತೂಗುವವನು ಹೊಣೆಯಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಲೆಕ್ಕಕ್ಕೆ ಒಂದನ್ನೊಂದು ಹೊಡೆದುಹಾಕಬೇಕು. ಆದರೆ ರಾಡು ಓರೆಯಾಗಿ ಚಲಿಸುವುದರಿಂದ, ಕ್ರ್ಯಾಂಕು ಮೇಲಿನಿಂದ ಕಾಲು ಸುತ್ತು ತಿರುಗಿದಾಗ ಪಿಸ್ಟನ್ ಅರ್ಧ ದಾರಿಗಿಂತ ಸ್ವಲ್ಪ ಹೆಚ್ಚೇ ಇಳಿದಿರುತ್ತದೆ. ಅಂದರೆ ಮೇಲಿನ ಅರ್ಧವನ್ನು ಅದು ಅವಸರದಲ್ಲಿ, ಕೆಳಗಿನ ಅರ್ಧವನ್ನು ನಿಧಾನವಾಗಿ ದಾಟುತ್ತದೆ. ಮೇಲಿನ ಇಬ್ಬರ ಅವಸರ ಕೆಳಗಿನ ಇಬ್ಬರ ನಿಧಾನಕ್ಕೆ ಸರಿಹೋಗದೆ, ಪ್ರತಿ ಸುತ್ತಿಗೆ ಎರಡು ಸಲ ಒಂದು ಸಣ್ಣ ನಡುಕ ಮಿಗುತ್ತದೆ. ಪಿಸ್ಟನ್ನುಗಳನ್ನು ಗುಲಗಂಜಿಯಷ್ಟು ಅಂತರವಿಲ್ಲದೆ ತೂಗಿದರೂ ಅದು ಮಿಗುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಇಂಜಿನಿಯರರು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಇದಕ್ಕೆ ಉಪಾಯ ಕಂಡುಹಿಡಿದರು: ಇಂಜಿನ್ನಿನ ಇಮ್ಮಡಿ ವೇಗದಲ್ಲಿ, ಒಂದಕ್ಕೊಂದು ವಿರುದ್ಧವಾಗಿ ತಿರುಗುವ, ಬೇಕೆಂದೇ ಒಂದು ಬದಿಗೆ ಭಾರವಿಟ್ಟ ಎರಡು ದಂಡಗಳು. ಒಂದು ನಡುಕಕ್ಕ ಎದುರು ಇನ್ನೊಂದು ನಡುಕ! ದೊಡ್ಡ ನಾಲ್ಕು ಸಿಲಿಂಡರಿನ ಹಲವು ಗಾಡಿಗಳಲ್ಲಿ ಈಗಲೂ ಅವು ಇವೆ. ಜಿಪ್ಸಿಯಂತಹ ಚಿಕ್ಕ ಇಂಜಿನ್ನಿಗೆ ಅಷ್ಟು ಆಡಂಬರ ಬೇಡವೆಂದು ಬಿಟ್ಟಿರುತ್ತಾರೆ. ರಬ್ಬರಿನ ದಿಂಬುಗಳ ಮೇಲೆ ಕೂರಿಸಿ, ನಡುಕ ಚೌಕಟ್ಟಿಗೆ ದಾಟದಂತೆ ಮಾಡುತ್ತಾರೆ. ಗಿರಣಿಯ ಕಟ್ಟೆಯ ಸುತ್ತ ತುಂಬಿದ ಮರಳಿಗೂ ಈ ರಬ್ಬರಿಗೂ ಕೆಲಸ ಒಂದೇ.

ಒಂಟಿ ಸಿಲಿಂಡರಿನ ಪಾಡು ಇನ್ನೂ ಕಠಿಣ. ಅಲ್ಲಿ ಎದುರಿಗೆ ಜೋಡಿಯೇ ಇಲ್ಲ. ನಮ್ಮ ತಾರುಣ್ಯದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಈ ಭಾಗದ ಶಿಕ್ಷಕರ ಕನಸಾಗಿದ್ದವು. ಆ ಕಾರ್ಖಾನೆ ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿತು. ನಡುವೆ ಗಾಡಿಗೆ ಯೆಜ್ಡಿ ಎಂದು ಹೆಸರು ಬದಲಾಯಿತು. ಅದನ್ನೇರಿ ನಿಲಂಗಾದಿಂದ ಉದಗೀರದವರೆಗೆ ಹೋಗಿ ಇಳಿದಾಗ ಅಂಗೈ ಜುಮುಜುಮು ಎನ್ನುತ್ತಿತ್ತು. ನಾವು ರಸ್ತೆಯನ್ನು ಬೈಯುತ್ತಿದ್ದೆವು, ರಸ್ತೆಗೂ ಅದರ ಪಾಲು ಸಲ್ಲಬೇಕು. ಈಗ ಮಿಸ್ತ್ರಿ ಹೇಳಿದ: ಒಂಟಿ ಪಿಸ್ಟನ್ನಿನ ಮೇಲೆ-ಕೆಳಗಿನ ನಡುಕಕ್ಕೆ ಎದುರಾಗಿ ಕ್ರ್ಯಾಂಕಿನಲ್ಲಿ ಪೂರ್ತಿ ತೂಕ ಇಟ್ಟರೆ, ಆ ತೂಕ ಅಡ್ಡಕ್ಕೆ ಬಂದಾಗ ಅದನ್ನು ತಡೆಯುವವರಿಲ್ಲ, ಗಾಡಿ ಹಿಂದೆ-ಮುಂದೆ ನಡುಗುತ್ತದೆ. ಏನೂ ಇಡದಿದ್ದರೆ ಮೇಲೆ-ಕೆಳಗೆ. ಆದ್ದರಿಂದ ಹೆಚ್ಚು ಕಡಿಮೆ ಅರ್ಧ ಇಡುತ್ತಾರೆ. ಅರ್ಧ ನಡುಕ ಈ ದಿಕ್ಕಿಗೆ, ಅರ್ಧ ಆ ದಿಕ್ಕಿಗೆ. ಅಳಿಸುವುದಿಲ್ಲ, ಹಂಚುತ್ತಾರೆ. ತಂದೆಯ ಗಿರಣಿಯಲ್ಲಿ ಹೋಗದೆ ಉಳಿದದ್ದೂ ಇದೇ ಎಂಬುದು ಅವನಿಗೆ ಪುಣೆಗೆ ಹೋದ ಮೇಲೆ ತಿಳಿಯಿತಂತೆ. "ಅಪ್ಪ ಇದನ್ನ ಓದಿದ್ದಿಲ್ಲ ರೀ. ಆದ್ರ ಇದು ಹೋಗಂಗಿಲ್ಲ, ಇದಕ್ಕ ಜಾಗ ಮಾಡಿಕೊಡಬೇಕು ಅನ್ನೋದು ಅವನ ಕೈಗೆ ಗೊತ್ತಿತ್ತು."

ಗಾಡಿ ಬೆಂಗಳೂರಿಗೆ ಹೋಯಿತು. ಓಟದಲ್ಲಿ ಗೆದ್ದನೆಂದು ಬರೆಯಲು ನಮಗೂ ಆಸೆಯಿತ್ತು. ಎರಡು ಸಲ ಟಯರು ಒಡೆದು ಎಲ್ಲಿಯೋ ಹಿಂದೆ ಉಳಿದನಂತೆ. ಮುಂದಿನ ಒಂದೆರಡು ಓಟಗಳಲ್ಲಿಯೂ ದೊಡ್ಡ ಬಹುಮಾನವೇನೂ ಬರಲಿಲ್ಲ. ಶಿವರಾತ್ರಿ ಮುಗಿದ ವಾರ ಗಾಡಿ ತಿರುಗಿ ಉಮರ್ಗಾಕ್ಕೆ ಬಂತು, ಒಳಗೆ ಹೇಗಿದೆ ನೋಡೋಣವೆಂದು. ಮಿಸ್ತ್ರಿ ನಮಗೂ ಹೇಳಿ ಕಳಿಸಿದ.

ಇಂಜಿನ್ನಿನ ಚರಿತ್ರೆ ಬರೆದಿರುವುದು ಅದರ ಬೇರಿಂಗುಗಳ ಮೇಲೆ. ಕ್ರ್ಯಾಂಕಿನ ಐದು ಮುಖ್ಯ ಬೇರಿಂಗಿನ ಹತ್ತು ಅರ್ಧಬಳೆ, ನಾಲ್ಕು ರಾಡುಗಳ ಎಂಟು ಅರ್ಧಬಳೆ, ಒಟ್ಟು ಹದಿನೆಂಟನ್ನೂ ಸಾಲಾಗಿ ಹಳೆಯ ಮರಾಠಿ ಪತ್ರಿಕೆಯ ಮೇಲೆ ಇಟ್ಟ. ಹಿಂದೆ ಮುರಿದ ಇಂಜಿನ್ನಿನ ಬಳೆಗಳನ್ನೂ ಡಬ್ಬಿಯಿಂದ ತೆಗೆದು ಕೆಳಗಿನ ಸಾಲಿನಲ್ಲಿ ಇಟ್ಟ. ಕೆಳಗಿನವುಗಳಲ್ಲಿ ಒಂದು ಕಡೆ ತಾಮ್ರ ಕಾಣುವಷ್ಟು ಸವೆದು, ಮಗ್ಗುಲಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಮೇಲಿನವು ಎಲ್ಲವೂ ಒಂದೇ ಮಾಸಲು ಬೂದು ಬಣ್ಣ. ರಾಡಿನ ಮೇಲಿನ ಅರ್ಧಗಳು ಕೆಳಗಿನವಕ್ಕಿಂತ ತುಸು ಹೆಚ್ಚು ಸವೆದಿದ್ದವು. ಸಿಲಿಂಡರಿನೊಳಗಿನ ಸ್ಫೋಟದ ಒತ್ತಡ ಬೀಳುವುದು ಅವುಗಳ ಮೇಲೆಯೇ, ಅದು ಸಹಜ. ಆದರೆ ನಾಲ್ಕೂ ಸಮನಾಗಿ ಸವೆದಿದ್ದವು. ತರುಣ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ, ಉದಗೀರಕ್ಕೆ ಫೋನು ಮಾಡಿ ತಾಯಿಗೆ ಏನೋ ಹೇಳಿದ.

ಮೂರನೆಯ ಬಳೆಯ ಮೇಲೆ ಮಾತ್ರ ಉಗುರಿಗೆ ಸಿಗುವ ಒಂದು ಗೀರು ಇತ್ತು. ನಾವು ಅದನ್ನು ತೋರಿಸಿದೆವು. ಮಿಸ್ತ್ರಿ ಭೂತಗಾಜು ಹಿಡಿದು ನೋಡಿ, "ಇದು ತೂಕದ್ದಲ್ಲ ಗುರೂಜಿ, ಧೂಳಿಂದು. ಏರ್ ಫಿಲ್ಟರ್ ನೋಡಬೇಕು" ಎಂದು ಅದನ್ನು ಬೇರೆ ಇಟ್ಟ. ಅಷ್ಟರಲ್ಲಿ ನಿಲಂಗಾದ ಕಡೆಯಿಂದ ರಾಶಿ ಯಂತ್ರದ ಡ್ರಮ್ಮೊಂದನ್ನು ಹೇರಿಕೊಂಡು ಟ್ರ್ಯಾಕ್ಟರು ಬಂದು ನಿಂತಿತು. ಕಡಲೆ ರಾಶಿಯ ಹಂಗಾಮು; ನಾಳೆಯೇ ಬೇಕೆಂದು ರೈತ ಗದ್ದಲ ಹಾಕುತ್ತಿದ್ದ. ಮಿಸ್ತ್ರಿ ಬಳೆಗಳ ಮೇಲೆ ಬಟ್ಟೆ ಮುಚ್ಚಿ, ಡ್ರಮ್ಮು ಇಳಿಸಲು ಎದ್ದು ಹೋದ.